ಬೆನ್ನಿಗೇ ಎರಡು ಮಿಸ್ಡ್ ಕಾಲ್

ನಂಜನಗೂಡು ತಾಲ್ಲೂಕಿನ ನಮ್ಮೂರಿನಿಂದ ಹಿಡಿದು ತಿ. ನರಸೀಪುರದ ರಸ್ತೆವರೆಗೆ, ಸೀಮೆಹಸು ಕಟ್ಟಿರುವ ಯಾವ ಕೊಟ್ಟಿಗೆಗೆ ಬೇಕಾದರೂ ಹೋಗಿ ನೋಡಿ, ಗೋಡೆ ಮೇಲೆ ನಮ್ಮಪ್ಪನ ಫೋನ್ ನಂಬರು ಸಿಗುತ್ತದೆ. ಕೆಲವರು ಸೀಮೆಸುಣ್ಣದಲ್ಲಿ ಬರೆದಿದ್ದಾರೆ, ಕೆಲವರು ಇದ್ದಲಲ್ಲಿ. ಹೆಡತಲೆಯಲ್ಲಿ ಒಬ್ಬರು ಬಾಗಿಲಿಗೇ ಮೊಳೆಯಿಂದ ಕೆತ್ತಿದ್ದಾರೆ. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ಅಪ್ಪನ ಕೆಲಸ. ಬೈಕಿನ ಪಕ್ಕಕ್ಕೆ ಹೋರಿಯ ವೀರ್ಯ ಇಟ್ಟ ಕ್ಯಾನು ಕಟ್ಟಿಕೊಂಡು ಹೊರಟರೆ ಜನ 'ಇಂಜೆಕ್ಷನ್ ಡಾಕ್ಟ್ರು ಬಂದ್ರು' ಅನ್ನುತ್ತಾರೆ. ಅಪ್ಪ ಡಾಕ್ಟರಲ್ಲ, ಅದು ಅವರಿಗೂ ಗೊತ್ತು, ಆದರೂ ಹಾಗೇ ಕರೆಯುತ್ತಾರೆ.

ಈ ಕೆಲಸದಲ್ಲಿ ಟೈಮೇ ಮುಖ್ಯ. ಹಸು ಬೆದೆಗೆ ಬರುವುದು ಇಪ್ಪತ್ತೊಂದು ದಿನಕ್ಕೊಮ್ಮೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆಯೊಳಗೆ ಇಂಜೆಕ್ಷನ್ ಆಗಬೇಕು. ತಪ್ಪಿದರೆ ಮತ್ತೆ ಇಪ್ಪತ್ತೊಂದು ದಿನ ಕಾಯಬೇಕು. ಅದಕ್ಕೇ ಅಪ್ಪನಿಗೂ ಹಳ್ಳಿಗಳಿಗೂ ನಡುವೆ ಒಂದು ಪದ್ಧತಿ ಬೆಳೆದಿದೆ. ಒಂದು ಮಿಸ್ಡ್ ಕಾಲ್ ಬಂದರೆ, ಈ ಕಡೆ ಬಂದಾಗ ಒಮ್ಮೆ ಬಂದು ಹೋಗಿ ಅಂತ. ಬೆನ್ನಿಗೇ ಇನ್ನೊಂದು ಬಂದರೆ ಹಸು ಬೆದೆಗೆ ಬಂದಿದೆ, ಇವತ್ತೇ ಬನ್ನಿ ಅಂತ. ಈಗ ಕಾಲ್ ಫ್ರೀ ಆಗಿದ್ದರೂ ಯಾರೂ ಮಾತಾಡುವುದಿಲ್ಲ. ದನ ನೋಡಿಕೊಳ್ಳುವವರು ಹೆಚ್ಚಾಗಿ ಹೆಂಗಸರು. ಮನೆಯಲ್ಲಿ ಮಾವನೋ ಭಾವನೋ ಕೂತಿರುವಾಗ ಫೋನು ಹಿಡಿದು ಒಬ್ಬ ಗಂಡಸಿಗೆ 'ಬೆದೆ' ಅನ್ನುವ ಮಾತು ಹೇಳಲು ಅವರಿಗೆ ಸಂಕೋಚ. ಎರಡು ಮಿಸ್ಡ್ ಕಾಲ್ ಕೊಟ್ಟರೆ ಆ ಕಷ್ಟವಿಲ್ಲ.

ಚಿಕ್ಕಂದಿನಿಂದ ನೋಡಿಕೊಂಡು ಬಂದ ಪದ್ಧತಿ ಇದು. ಇಷ್ಟು ಚೆನ್ನಾಗಿ ಗೊತ್ತಿದ್ದೂ ನಾನು ಏನು ಮಾಡಿದೆ ಅನ್ನುವುದೇ ಈಗ ಹೇಳಬೇಕಾದ ವಿಷಯ.

ಹೋದ ವರ್ಷ ಅಪ್ಪನ ಹಳೇ ಕಂಪನಿಯ ಸಿಗ್ನಲ್ ನಮ್ಮ ಕಡೆ ತೀರಾ ಸೊರಗಿತು. ಮನೆಯಲ್ಲಿ ನೀರಿನ ತೊಟ್ಟಿಯ ಕಟ್ಟೆ ಮೇಲೆ ಇಟ್ಟರೆ ಮಾತ್ರ ಎರಡು ಕಡ್ಡಿ, ಒಳಗೆ ತಂದರೆ ಅದೂ ಇಲ್ಲ. ಅವ್ವ ಬಟ್ಟೆ ಒಗೆಯುವಾಗ ಒಂದು ಕಿವಿಯನ್ನು ಆ ಫೋನಿಗೇ ಬಿಟ್ಟಿರಬೇಕಿತ್ತು. ಇಬ್ಬರು ಮೂವರು ಗಿರಾಕಿಗಳು ಬೇರೆಯವರನ್ನು ಕರೆಸಿಕೊಂಡ ಮೇಲೆ ಅಪ್ಪನಿಗೂ ಯೋಚನೆ ಶುರುವಾಯಿತು. ಅಷ್ಟು ಗೋಡೆಗಳ ಮೇಲಿರುವ ನಂಬರು ಬದಲಾಯಿಸುವ ಹಾಗಿಲ್ಲ. ನಂಬರು ಅದೇ ಇಟ್ಟುಕೊಂಡು ಕಂಪನಿ ಬದಲಾಯಿಸಬಹುದು, ಅದನ್ನು ಪೋರ್ಟ್ ಅನ್ನುತ್ತಾರೆ, ನನಗೆ ಬಿಡು ಅಂದೆ ನಾನು.

ನಾನು ಓದಿದ್ದು ಐಟಿಐ. ನಂಜನಗೂಡಿನ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಕೆಲಸ. ಫೋನು, ಸಿಗ್ನಲ್, ಟವರು ಅಂದರೆ ಊಟ ಬೇಕಿಲ್ಲ. ಯಾರೂ ಹೇಳಿಕೊಟ್ಟಿದ್ದಲ್ಲ. ವಿಡಿಯೋ ನೋಡಿ, ಆ್ಯಪ್ ಹಾಕಿ, ಊರಲ್ಲಿ ಯಾರ ಫೋನು ಸಿಕ್ಕರೂ ಸೆಟ್ಟಿಂಗ್ಸ್ ಒಳಗೆ ಹೊಕ್ಕು ಕಲಿತದ್ದು. ಹಾಗಾಗಿ ಯಾರೋ ಹೇಳಿದರು ಅಂತ ಕಂಪನಿ ಆರಿಸುವವನಲ್ಲ ನಾನು, ಸರ್ವೆ ಮಾಡುವವನು. ಸ್ನೇಹಿತರಿಂದ ಎರಡು ಕಂಪನಿಯ ಸಿಮ್ ಇರುವ ಫೋನು ಸಾಲ ತಂದು, ರಜೆಯ ದಿನಗಳಲ್ಲಿ ಅಪ್ಪನ ಬೈಕಿನ ಹಿಂದೆ ಕೂತು ಹಳ್ಳಿ ಹಳ್ಳಿ ಸುತ್ತಿದೆ. ಅಪ್ಪ ಕೊಟ್ಟಿಗೆಯಲ್ಲಿ ಹಸು ನೋಡುತ್ತಿದ್ದರೆ ನಾನು ಹೊರಗೆ ಫೋನೆತ್ತಿ ಹಿಡಿದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಸಿಗ್ನಲ್ಲಿನ ಲೆಕ್ಕ ಮೈನಸ್ಸಿನಲ್ಲಿ ಬರುತ್ತದೆ. ಮೈನಸ್ ಎಂಬತ್ತು ಚೆನ್ನಾಗಿದೆ ಅಂತ, ಮೈನಸ್ ನೂರಹತ್ತು ಸತ್ತಿದೆ ಅಂತ. ಇದನ್ನು ಅಪ್ಪನಿಗೆ ವಿವರಿಸಿದರೆ, ನಿನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸು ಹಿಂಗೇ ಲೆಕ್ಕ ಹಾಕಿದ್ದರೆ ನೀನೇ ಫಸ್ಟು ಬರುತ್ತಿದ್ದೆ ಅಂದರು.

ನಂಜನಗೂಡಿನಲ್ಲಿ ಎಲ್ಲ ಕಂಪನಿಯೂ ಒಂದೇ. ನರಸೀಪುರದಲ್ಲೂ ಅಷ್ಟೇ. ಎರಡರ ನಡುವಿನ ಹಳ್ಳಿಗಳಲ್ಲೇ ಇರುವುದು ಗುಟ್ಟು. ನನ್ನ ಸರ್ವೆಯಲ್ಲಿ ಒಂದು ಕಂಪನಿ ಒಳ್ಳೇ ಅಂತರದಲ್ಲಿ ಗೆದ್ದಿತು.

ಆಮೇಲೆ ಪ್ಲಾನು. ಇಪ್ಪತ್ತೆಂಟು ದಿನದ್ದು ಹಾಕಿಸೋಣವಾ ಅಂದಾಗ ಅಪ್ಪ ಒಪ್ಪಲಿಲ್ಲ.

"ದನ ಇಪ್ಪತ್ತೊಂದು ದಿನಕ್ಕೆ, ಪೋನು ಇಪ್ಪತ್ತೆಂಟು ದಿನಕ್ಕೆ. ಎಲ್ಡ್ನೂ ನಾನೇ ನೆಪ್ಪಿಟ್ಕಬೇಕಾ?"

ಎಂಬತ್ತನಾಲ್ಕು ದಿನದ್ದೂ ಇದೆ ಅಂದೆ. ಅಪ್ಪ ಒಂದು ಕ್ಷಣ ಬೆರಳು ಮಡಿಸಿ, ನಾಕು ಸುತ್ತು ಸರಿಯಾಯಿತು, ಅದೇ ಹಾಕಿಸು ಅಂದರು. ದೇಶದಲ್ಲಿ ಹಸುವಿನ ಬೆದೆಗೆ ತಾಳೆ ನೋಡಿ ರೀಚಾರ್ಜ್ ಮಾಡಿಸಿದವರು ನಮ್ಮಪ್ಪ ಒಬ್ಬರೇ ಇರಬೇಕು.

ನಂಜನಗೂಡಿನ ಬಜಾರಿನ ಮೊಬೈಲ್ ಅಂಗಡಿಗೆ ಹೋದೆವು. ಪೋರ್ಟಿಗೆ ಹೆಬ್ಬೆಟ್ಟು ಒತ್ತಬೇಕು. ಅಪ್ಪನ ಹೆಬ್ಬೆಟ್ಟು ಕೆಲಸದಲ್ಲಿ ಸವೆದು ನುಣ್ಣಗಾಗಿದೆ, ಮಿಷನ್ನು ಒಪ್ಪಲೇ ಇಲ್ಲ. ಅಂಗಡಿಯವನು ಬೆರಳನ್ನು ತಲೆಗೂದಲಿಗೆ ತಿಕ್ಕಿ ಒತ್ತಿ ಅಂದ. ಅಪ್ಪನ ತಲೆಯಲ್ಲಿ ಕೂದಲು ಕಡಿಮೆ. ಕೊನೆಗೆ ನನ್ನ ತಲೆಗೆ ತಿಕ್ಕಿ ಒತ್ತಿದರು, ಟಿಕ್ ಬಂತು.

ಮೂರು ನಾಲ್ಕು ದಿನಕ್ಕೆ ಹೊಸ ಸಿಮ್ ಜೀವ ಪಡೆಯಿತು. ಮನೆಯ ಒಳಗೇ, ಅದೂ ಅಡುಗೆಮನೆಯಲ್ಲಿ, ನಾಲ್ಕು ಕಡ್ಡಿ. ಅವ್ವ ಫೋನನ್ನು ತೊಟ್ಟಿ ಕಟ್ಟೆಯಿಂದ ತಂದು ಮಸಾಲೆ ಡಬ್ಬಿಗಳ ಪಕ್ಕ ಇಟ್ಟಳು. ನನಗೆ ಎಷ್ಟು ಖುಷಿಯೆಂದರೆ, ಆ ಪ್ಲಾನಿನಲ್ಲಿ ಏನೇನು ಫ್ರೀ ಇದೆಯೋ ಎಲ್ಲವನ್ನೂ ಆನ್ ಮಾಡಿಬಿಟ್ಟೆ. ಅದರಲ್ಲಿ ಕಾಲರ್ ಟ್ಯೂನೂ ಒಂದು. ಅಪ್ಪ ದಿನಾ ವಿಭೂತಿ ಇಟ್ಟು ಮನೆ ಬಿಡುವವರು ಅಂತ, ಗಂಟೆ ಜಾಗಟೆ ಸಮೇತ ಶಿವನ ಮೇಲಿನ ಒಂದು ಭಜನೆ ಆರಿಸಿ ಹಾಕಿದೆ. ಅಪ್ಪನಿಗೆ ಹೇಳಲಿಲ್ಲ. ಹೇಳದಿದ್ದರೆ ಅವರಿಗೆ ತಿಳಿಯುವ ದಾರಿಯೂ ಇರಲಿಲ್ಲ. ಟ್ಯೂನು ಕೇಳುವುದು ಫೋನು ಮಾಡಿದವರಿಗೆ, ನಂಬರಿನ ಯಜಮಾನನಿಗಲ್ಲ.

ಎರಡು ದಿನ ಅಪ್ಪನಿಗೆ ಬಿಡುವೋ ಬಿಡುವು. ಒಂದೊಂದು ಮಿಸ್ಡ್ ಕಾಲ್ ಬರುತ್ತಿತ್ತು, ಅಷ್ಟೇ. ಬೆನ್ನಿಗೆ ಇನ್ನೊಂದು ಬರುತ್ತಿರಲಿಲ್ಲ. ಈ ವಾರ ಯಾವ ದನಾನೂ ಬೆದೆಗೆ ಬಂದಿಲ್ಲವಲ್ಲ ಅಂತ ಅಪ್ಪನಿಗೆ ಸೋಜಿಗ. ಮೂರನೇ ದಿನ ಬೆಳಿಗ್ಗೆ ಆರು ಗಂಟೆಗೆ ಒಂದು ಮಿಸ್ಡ್ ಕಾಲ್ ಬಂತು. ನಂಬರು ನೋಡಿದ ಅಪ್ಪನ ಮುಖ ಅರಳಿತು.

ನರಸೀಪುರದ ರಸ್ತೆಗೆ ಹತ್ತಿರದ ಹಳ್ಳಿಯೊಂದರಲ್ಲಿ ಒಬ್ಬ ಅಕ್ಕ ಇದ್ದಾರೆ. ಇರುವುದು ಒಂದೇ ಹಸು. ಎರಡು ಸಲ ಇಂಜೆಕ್ಷನ್ ಕೊಡಿಸಿದ್ದರು. ಮೊದಲನೆಯದು ನಿಂತಿರಲಿಲ್ಲ, ಅಂದರೆ ಗಬ್ಬವಾಗಿರಲಿಲ್ಲ. ಎರಡನೆಯದೂ ನಿಲ್ಲದಿದ್ದರೆ ಹಸುವನ್ನು ಮಾರಿಬಿಡುತ್ತೇನೆ ಅಂತ ಅವರ ಯಜಮಾನರು ದಲ್ಲಾಳಿಗೂ ಹೇಳಿಟ್ಟಿದ್ದರು. ಆ ಅಕ್ಕ ಸಾಕಿ ದೊಡ್ಡದು ಮಾಡಿದ ಕರು ಅದು, ಆಕೆಗೆ ಕೊಡಲು ಮನಸ್ಸಿಲ್ಲ. ಎರಡನೇ ಇಂಜೆಕ್ಷನ್ ಆಗಿ ಸರಿಯಾಗಿ ಇಪ್ಪತ್ತೊಂದು ದಿನ ಅವತ್ತಿಗೆ. ಬೆದೆಗೆ ಬಂದಿದ್ದರೆ ಎರಡು ಕಾಲ್ ಬರಬೇಕಿತ್ತು.

"ಒಂದೇ ಬಂದದೆ. ನಿಂತದೆ ಕಣ್ಲಾ," ಅಂದರು ಅಪ್ಪ. ನಾಳೆ ಆ ಕಡೆ ಹೋದಾಗ ನೋಡಿ ಬರುತ್ತೇನೆ ಅಂತ ಅವ್ವನ ಹತ್ತಿರ ಇನ್ನೊಂದು ಕಾಫಿ ಕೇಳಿದರು. ನಾನು ಬಸ್ಸು ಹಿಡಿದು ಶಿಫ್ಟಿಗೆ ಹೋದೆ.

ಮಧ್ಯಾಹ್ನ ಶಿಫ್ಟು ಮುಗಿಸಿ ಊರಲ್ಲಿ ಬಸ್ಸಿಳಿದರೆ ನಮ್ಮ ಡೈರಿಯಲ್ಲಿ ಹಾಲು ಅಳೆಯುವ ಹಿರಿಯರು ಕಟ್ಟೆ ಮೇಲೆ ಕೂತಿದ್ದರು. ನನ್ನನ್ನು ಕರೆದು, ನಿಮ್ಮಪ್ಪ ಕೆಲಸ ಬಿಟ್ಟುಬಿಟ್ಟನಾ ಅಂತ ಕೇಳಿದರು. ಇಲ್ಲವಲ್ಲ ಅಂದೆ.

"ಮತ್ತೆ ಪೋನು ಮಠಕ್ಕೆ ಓಯ್ತದಲ್ಲಪ್ಪ. ಗಂಟೆ ಜಾಗಟೆ, ಮಂಗಳಾರತಿ ಆಯ್ತಾ ಇರಂಗದೆ."

ಜನ ನಂಬರು ಒತ್ತುತ್ತಾರೆ, ಗಂಟೆ ಸದ್ದು ಬರುತ್ತದೆ, ಯಾವುದೋ ಮಠಕ್ಕೆ ಹೋಯಿತು ಅಂತ ಗಾಬರಿಬಿದ್ದು ತಕ್ಷಣ ಕತ್ತರಿಸುತ್ತಾರೆ. ಎರಡನೇ ಸಲ ಮಾಡಲು ಯಾರಿಗೂ ಧೈರ್ಯವಿಲ್ಲ. ಸ್ವಾಮಿಗಳೇ ಎತ್ತಿಬಿಟ್ಟರೆ ದನದ ವಿಷಯ ಏನಂತ ಹೇಳುವುದು? ಹಿರಿಯರು ನಗುತ್ತಿದ್ದರು. ನಾನೂ ಅರ್ಧ ನಕ್ಕೆ. ಅಷ್ಟರಲ್ಲಿ ಬೆಳಿಗ್ಗೆ ಆರರ ಆ ಒಂದು ಕಾಲ್ ನೆನಪಾಯಿತು. ಆ ಅಕ್ಕನೂ ಗಂಟೆ ಕೇಳಿ ಕತ್ತರಿಸಿದ್ದರೆ?

ಮನೆಗೆ ಓಡಿದೆ. ಅಪ್ಪ ಜಗುಲಿ ಮೇಲೆ ಮಲಗಿದ್ದರು. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಎದ್ದು ಆ ಅಕ್ಕನ ನಂಬರಿಗೆ ಫೋನು ಮಾಡಿದರು. ಆ ಕಡೆ ಎತ್ತಲಿಲ್ಲ.

"ಟೈಮೆಷ್ಟು?"

"ಮೂರೂವರೆ."

"ಕ್ಯಾನು ಕಟ್ಟು. ನೀನೇ ಓಡ್ಸು."

ಅಪ್ಪ ಹಿಂದೆ ಕೂತರು, ಹೊರಟೆವು. ಆ ದಾರಿಯಲ್ಲಿ ಎಲ್ಲೆಲ್ಲಿ ಮೈನಸ್ ಎಷ್ಟು ಅಂತ ನನಗೆ ಬಾಯಿಪಾಠ ಬರುತ್ತಿತ್ತು. ಅವತ್ತು ಅದು ಯಾವ ಪ್ರಯೋಜನಕ್ಕೂ ಬರಲಿಲ್ಲ.

ನಾವು ಹೋದಾಗ ಹಸು ಕೊಟ್ಟಿಗೆಯಲ್ಲಿ ಹಗ್ಗ ಜಗ್ಗಿಕೊಂಡು ಕೂಗುತ್ತಿತ್ತು. ನೋಡಿದರೇ ಗೊತ್ತಾಗುತ್ತಿತ್ತು, ಬೆದೆ. ಆ ಅಕ್ಕ ಸೀಮೆಸುಣ್ಣ ಹಿಡಿದು ಗೋಡೆಯ ಮುಂದೆ ನಿಂತಿದ್ದರು. ಅಪ್ಪನನ್ನು ಕಂಡವರೇ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

"ನೋಡು ಮಗ, ಇದು ಮೂರಾ ಎಂಟಾ? ಅಳಿಸೋಗಿ ಬ್ಯಾರೆ ನಂಬರ್‌ಗೆ ಮಾಡ್ಬುಟ್ಟೆ ಅಂತಿದ್ದೆ. ದೇವ್ರ ಪದ ಬಂತು. ಕೈ ಮುಗ್ದು ಇಟ್ಬುಟ್ಟೆ."

ಅವರು ಮೂರನ್ನು ಎಂಟು ಮಾಡಿ, ಆ ಎಂಟಕ್ಕೂ ಫೋನು ಮಾಡಿ, ಮೈಸೂರಿನ ಯಾರಿಂದಲೋ ಬೈಸಿಕೊಂಡಿದ್ದರಂತೆ. ನಂಬರು ಸರಿಯಾಗೇ ಇತ್ತಕ್ಕ, ತಪ್ಪು ನನ್ನದು, ಆ ಹಾಡು ಹಾಕಿದವನು ನಾನು ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಪದ ಚೆಂದಾಗದೆ. ಆದ್ರೆ ದನಿನ ಡಾಕ್ಟ್ರಿಗ್ಯಾಕಪ್ಪ ಅದು?"

ಅಕ್ಕನ ಯಜಮಾನರು ಜಗುಲಿಯಿಂದ ಏಳಲಿಲ್ಲ. ಎರಡು ಸಲ ಆಯಿತಲ್ಲ, ಮೂರನೆಯದಕ್ಕೆ ಸುಮ್ಮನೆ ಯಾಕೆ, ನಾಳೆ ದಲ್ಲಾಳಿ ಬರುತ್ತಾನೆ ಅಂದರು. ಅಪ್ಪ ಕ್ಯಾನಿನ ಮುಚ್ಚಳ ತೆಗೆಯುತ್ತಲೇ, ಬೆಳಿಗ್ಗೆಯ ಬೆದೆಗೆ ಇದೇ ಸರಿಯಾದ ಹೊತ್ತು ಅಂದರು. ಆಮೇಲೆ ತಲೆಯೆತ್ತಿ ಅವರನ್ನೇ ನೋಡಿದರು.

"ಈ ಸರ್ತಿದು ನನ್ನ ಲೆಕ್ಕದಲ್ಲಿರ್ಲಿ. ಮೂರು ತಿಂಗ್ಳು ಮಾರ್ಬ್ಯಾಡಿ ಅಷ್ಟೇಯ."

ಯಜಮಾನರು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಆ ಅಕ್ಕ ಹಸುವಿನ ಕೊರಳು ತಬ್ಬಿ ಹಿಡಿದುಕೊಂಡರು, ಅಪ್ಪ ಕೆಲಸ ಮುಗಿಸಿದರು. ನಾನು ಹೊರಗೆ ನಿಂತು ಕಾಲರ್ ಟ್ಯೂನ್ ತೆಗೆದೆ. ತೆಗೆಯುವುದು ಹಾಕಿದಷ್ಟು ಸಲೀಸಲ್ಲ. ಬೇರೆ ಹಾಡು ಬೇಕಾ ಅಂತ ನಾಲ್ಕು ಸಲ ಕೇಳಿತು.

ಮುಂದಿನ ಒಂದು ವಾರ ನನ್ನ ರಜೆ, ಸಂಜೆ ಎಲ್ಲ ಅದಕ್ಕೇ ಹೋಯಿತು. ಕೊಟ್ಟಿಗೆ ಕೊಟ್ಟಿಗೆಗೆ ಹೋಗಿ, ಫೋನು ಮಠಕ್ಕೆ ಹೋಗುವುದಿಲ್ಲ, ಮೊದಲಿನ ಹಾಗೇ ಟ್ರಿಂಗ್ ಅನ್ನುತ್ತದೆ ಅಂತ ಹೇಳಿ ಬಂದೆ. ಕೆಲವರು ನಂಬದೆ ನನ್ನ ಎದುರಿಗೇ ಫೋನು ಮಾಡಿ ನೋಡಿದರು. ತಗಡೂರಿನ ಕಡೆಯ ಅಜ್ಜಿಯೊಬ್ಬರು ಮಾತ್ರ, ಹಾಡು ತೆಗೆದುಬಿಟ್ಟೆಯಾ, ನಾನು ಮೂರು ದಿನವೂ ಬೆಳಿಗ್ಗೆ ಒಂದು ಸಲ ಹಾಕಿ ಕೇಳಿದ್ದೆನಲ್ಲ ಅಂತ ಬೇಸರ ಮಾಡಿಕೊಂಡರು.

ಇಪ್ಪತ್ತೊಂದನೇ ದಿನ ಆ ಅಕ್ಕನ ನಂಬರಿನಿಂದ ಯಾವ ಕಾಲೂ ಬರಲಿಲ್ಲ. ಅಪ್ಪ ಹಿಗ್ಗಲಿಲ್ಲ. ಸಿಗ್ನಲ್ ನಾಲ್ಕು ಕಡ್ಡಿ ಇದ್ದರೂ ಬೈಕು ಹತ್ತಿ ಕಣ್ಣಾರೆ ನೋಡಿ ಬಂದರು. ನಲವತ್ತೆರಡನೇ ದಿನವೂ ಹಾಗೇ ಹೋದರು.

ಮೂರು ತಿಂಗಳಿಗೆ ಪರೀಕ್ಷೆ ಮಾಡಲು ಹೋದಾಗ ನಾನೂ ಜೊತೆಗಿದ್ದೆ. ಅಪ್ಪ ಉದ್ದನೆಯ ಕೈಗವಸು ಹಾಕಿ, ತೋಳು ಒಳಗಿಟ್ಟು, ಮುಖವನ್ನು ಗೋಡೆ ಕಡೆ ತಿರುಗಿಸಿ ಕಣ್ಣು ಮುಚ್ಚಿದರು. ಅಕ್ಕ ಹಸುವಿನ ಕೊಂಬು ಹಿಡಿದು ಅಪ್ಪನ ಮುಖವನ್ನೇ ನೋಡುತ್ತಿದ್ದರು. ಯಜಮಾನರು ಈ ಸಲ ಕೊಟ್ಟಿಗೆಯ ಬಾಗಿಲವರೆಗೂ ಬಂದು ನಿಂತಿದ್ದರು.

"ಗಬ್ಬ ಆಗದೆ," ಅಂದರು ಅಪ್ಪ, ಕಣ್ಣು ಬಿಡದೆಯೇ.

ಅಕ್ಕ ಹಸುವಿನ ಕಿವಿ ಸವರುತ್ತಾ ನಿಂತರು. ಯಜಮಾನರು ಬೆರಳು ಮಡಿಸಿ ತಿಂಗಳು ಎಣಿಸಿದರು. ಈಯುವುದು ಮಳೆಗಾಲಕ್ಕೇ ಬರುತ್ತದಾ ಅಂತ ಅಪ್ಪನನ್ನು ಕೇಳಿದರು. ಹೌದು ಅಂದರು ಅಪ್ಪ. ಯಜಮಾನರು ತಲೆಯೆತ್ತಿ ಕೊಟ್ಟಿಗೆಯ ಸೂರನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೋಡಿದರು.

"ಅಂಗಾರೆ ಈ ಶೀಟು ಬದ್ಲಾಯ್ಸ್‌ಬೇಕು. ಕರುನ್ ಮ್ಯಾಲೆ ಸೋರ್ತದೆ."