ಕಲ್ಲು ಕಟ್ಟದ ಪಡವಲಕಾಯಿ

ಪಡವಲದ ಎಲೆಯನ್ನು ಹಿಸುಕಿದಾಗ ಬರುವ ವಾಸನೆಯನ್ನು ಯಾರೂ ಸುವಾಸನೆ ಎನ್ನುವುದಿಲ್ಲ. ಹಸಿಹಸಿ, ಕಟು, ಮೂಗಿಗೆ ಅಡರಿಕೊಳ್ಳುವ ನಾತ ಅದು. ಬೇಸಿಗೆ ಬಂತೆಂದರೆ ಗೋಕಾಕದ ನನ್ನ ಮನೆಯ ಮಾಳಿಗೆಯ ಮೇಲೆ ಕುಂಡಗಳ ನಡುವೆ ಹಂದರ ಹಾಕಿ ಈ ಬಳ್ಳಿಯನ್ನೇ ಹಬ್ಬಿಸುತ್ತೇನೆ. ಬಾಜೂ ಮನೆಯಾಕೆ, "ಏನ್ರಿ ಅಕ್ಕಾರ, ಚಂದಂಗ ಮಲ್ಲಿಗಿ ಹಚ್ಚೋದು ಬಿಟ್ಟು ಇದೇನ ನಾತದ ಬಳ್ಳಿ ಹಚ್ಚೀರಿ?" ಎಂದು ಮೂಗು ಮುರಿಯುತ್ತಾಳೆ. ಮುರಿಯಲಿ ಬಿಡಿ, ಮೂಗು ಅವಳದು. ಸಂಜೆ ನೀರು ಹಾಕುವಾಗ ಕೈಗೆ ಎಲೆ ಸವರಿ ಆ ನಾತ ಎದ್ದರೆ ಸಾಕು, ನಾನು ಘೋಡಗೇರಿಯ ನಮ್ಮ ಹಿತ್ತಲಿನಲ್ಲಿ, ಆಯಿಯ ಹಂದರದ ಕೆಳಗೆ ನಿಂತಿರುತ್ತೇನೆ. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ, ಬೇರೆಯವರಿಗೆ ಹೇಳಿದರೆ ನಗುವಂಥದ್ದು.

ಆಯಿ ಎಂದರೆ ಅಪ್ಪನ ಅವ್ವ. ನಮ್ಮದು ಕುರಿ ಸಾಕುವ ಮನೆತನ. ಬೇಸಿಗೆಯಲ್ಲಿ ಅಪ್ಪ ಹಿಂಡಿನ ಜೊತೆ ದೂರದ ಹೊಲಗಳಲ್ಲೇ ಇರುತ್ತಿದ್ದ. ಅವ್ವ ಮತ್ತು ಕಾಕಾ ನಮ್ಮ ಕಬ್ಬಿನ ಹೊಲಕ್ಕೆ ಹೋದರೆ ಮನೆಯಲ್ಲಿ ಉಳಿಯುವವರು ಆಯಿ, ನಾನು, ಮತ್ತು ಇನ್ನೂ ಹೊರಳಲು ಬಾರದ ನನ್ನ ತಮ್ಮ ಬಾಳು. ಬಚ್ಚಲ ನೀರು ಹರಿದು ಹೋಗುವ ಜಾಗದಲ್ಲೇ ಆಯಿಯ ತೋಟ. ಕರಿಬೇವು, ಬದನೆ, ಒಂದು ಬಾಳೆ, ಇವೆಲ್ಲ ಸುಮ್ಮನೆ ಇರಲಿ ಎಂದು. ಅವಳ ಜೀವವೆಲ್ಲ ಪಡವಲದ ಹಂದರದ ಮೇಲೆ. ಸಂಜೆ ಅರಳುವ ಅದರ ಬಿಳಿ ಹೂವಿನ ಅಂಚು ಸೆರಗಿನ ನೂಲು ಬಿಚ್ಚಿದಂತೆ ಇರುತ್ತಿತ್ತು. ಅದನ್ನು ನೋಡುತ್ತ ಆಯಿ, "ಯಪ್ಪಾ, ಎಷ್ಟ ಚಂದ ಮಾಡ್ಯಾನ ನೋಡ ದೇವರು!" ಎಂದು ದಿನವೂ ಹೊಸದಾಗಿ ಬೆರಗಾಗುತ್ತಿದ್ದಳು.

ಪಡವಲಕಾಯಿ ಸುಮ್ಮನೆ ಬಿಟ್ಟರೆ ಸುರುಳಿ ಸುತ್ತಿಕೊಳ್ಳುತ್ತದೆ. ಅದಕ್ಕೇ ಎಳೆಗಾಯಿಯ ತುದಿಗೆ ಸಣ್ಣ ಕಲ್ಲು ಕಟ್ಟಿ ಇಳಿಬಿಡುತ್ತಾರೆ, ಭಾರಕ್ಕೆ ನೆಟ್ಟಗೆ ಬೆಳೆಯಲಿ ಎಂದು. ಊರಿನವರು ಸುತಳಿಯಲ್ಲಿ ಕಟ್ಟುತ್ತಿದ್ದರು. ಆಯಿ ಮಾತ್ರ ತಾನೇ ನೂತ ಕರಿ ಉಣ್ಣೆಯ ನೂಲಿನಲ್ಲಿ ಕಟ್ಟಿಸುತ್ತಿದ್ದಳು. ಸುತಳಿ ಎಳೆಗಾಯಿಯನ್ನು ಕೊಯ್ಯುತ್ತದೆ, ಉಣ್ಣೆ ಕೊಯ್ಯುವುದಿಲ್ಲ ಎಂಬುದು ಅವಳ ವಾದ. ಹಂದರದ ಕಂಬದ ಬುಡದಲ್ಲಿ ಒಂದು ಬುಟ್ಟಿ ತುಂಬ ಹೊಳೆಗಲ್ಲುಗಳು ಇರುತ್ತಿದ್ದವು. ಕಲ್ಲು ಕಟ್ಟುವ ಕೆಲಸ ನನ್ನದು. ಅದರಲ್ಲಿ ನನಗೆ ಎಂಥ ಜಂಬ ಅಂತೀರಿ! ಒಂದು ಕಾಯಿ ಕಲ್ಲಿಲ್ಲದೆ ಉಳಿದರೂ ನನಗೆ ಅವಮಾನ.

ಆ ಬೇಸಿಗೆ ಹಂದರದಲ್ಲಿ ಜುಟ್ಟಿನ ಹಕ್ಕಿ ಗೂಡು ಕಟ್ಟಿತ್ತು. ಪಿಕಳಾರ ಎಂಬ ಹೆಸರನ್ನು ನಾನು ಓದಿಕೊಂಡದ್ದು ಆಮೇಲೆ. ಆಯಿಗೆ ಅದು ಜುಟ್ಟಿನ ಹಕ್ಕಿಯೇ. ಗೂಡಿನಲ್ಲಿ ಮರಿಗಳಿದ್ದವು, ಮೈಗೆ ಪುಕ್ಕವಿಲ್ಲ, ಬರೀ ಬಾಯಿ. ತಾಯಿ ಹಕ್ಕಿ ಹುಳ ತಂದಾಗಲೆಲ್ಲ ಆಯಿ ನೂಲುವ ರಾಟಿ ನಿಲ್ಲಿಸಿ, "ಉಣ್ಣಸವಾ, ಉಣ್ಣಸು. ಮಕ್ಕಳ ಹಸಿದಾವು" ಎಂದು ಅದರ ಜೊತೆ ಮಾತಾಡುತ್ತಿದ್ದಳು. ಗೂಡು ಅಲುಗಬಾರದೆಂದು ಆ ಮೂಲೆಯ ಕಾಯಿಗಳನ್ನು ಕೀಳಲೂ ಬಿಡುತ್ತಿರಲಿಲ್ಲ. ಅದೇ ಮೂಲೆಯ ಬಿದಿರು ಗಳಕ್ಕೆ ಬಾಳುವನ್ನು ಮಲಗಿಸುವ ಬಟ್ಟೆಯ ಜೋಳಿಗೆ ಕಟ್ಟಿದ್ದೆವು, ಇಡೀ ಹಿತ್ತಲಿನಲ್ಲಿ ಅಲ್ಲಿಯಷ್ಟು ತಂಪು ಬೇರೆಲ್ಲೂ ಇರಲಿಲ್ಲ.

ಒಂದು ಮಧ್ಯಾಹ್ನ ಹಕ್ಕಿ ವಿಪರೀತ ಕೂಗುತ್ತಿತ್ತು. ಬೆಕ್ಕು ಬಂದಿರಬೇಕೆಂದು ಆಯಿ ಅದನ್ನು ಓಡಿಸಲು ಗೋಡೆಯ ಕಡೆ ಹೋದಳು. ನಾನು ಜೋಳಿಗೆಯ ಹತ್ತಿರ ಬಂದೆ. ಬಾಳು ಬಾಯಿ ತೆರೆದು ಮಲಗಿದ್ದ. ತಲೆ ಎತ್ತಿ ನೋಡಿದರೆ, ಸರಿಯಾಗಿ ಅವನ ಮೇಲೆ, ತುದಿಯಲ್ಲಿ ಕರಿ ನೂಲಿಲ್ಲದ ಒಂದು ಕಾಯಿ ಇಳಿಬಿದ್ದಿತ್ತು. ಎಲೆಗಳ ನೆರಳಿನಲ್ಲಿ ಅರ್ಧ ಕಂಡಿತು, ಅರ್ಧ ಕಾಣಲಿಲ್ಲ. ಅಯ್ಯ, ಇದೊಂದು ಹೆಂಗ ಉಳೀತು ಎಂದುಕೊಂಡು ಕಲ್ಲು, ನೂಲು ಹಿಡಿದು ಒರಳುಕಲ್ಲು ಹತ್ತಿ ಕೈ ಚಾಚಿದೆ.

"ಶಾಂತವ್ವಾ. ಕೈ ಕೆಳಗ ಮಾಡು. ಮೆಲ್ಲಕ."

ಆಯಿ ನನ್ನನ್ನು ಹುಟ್ಟಿದಾಗಿನಿಂದ ಗಯ್ಯಾಳಿ ಎಂದೇ ಕರೆದವಳು. ಅವಳ ಬಾಯಲ್ಲಿ ನನ್ನ ಖರೆ ಹೆಸರು ಬಂದದ್ದೇ ನನಗೆ ಹೆದರಿಕೆ ಹುಟ್ಟಿಸಿತು. ಕೈ ಇಳಿಸಿದೆ. ಕಾಯಿಯ ತುದಿ ತಾನಾಗಿ ಮೇಲಕ್ಕೆದ್ದಿತು. ನಾಗರ ಹಾವು. ಅದು ಜೋಳಿಗೆ ಕಟ್ಟಿದ ಗಳಕ್ಕೇ ಸುತ್ತಿಕೊಂಡು ಗೂಡಿನ ಕಡೆ ಹೊರಳುತ್ತಿತ್ತು.

ಆಯಿ ಕೂಗಲಿಲ್ಲ, ಓಡಲಿಲ್ಲ. ಮಗುವಿನ ಭಾರಕ್ಕೆ ಆ ಗಳ ಬಿಲ್ಲಿನ ಹಾಗೆ ಬಾಗಿತ್ತು. ಮಗುವನ್ನು ಒಮ್ಮೆಲೇ ಎತ್ತಿಕೊಂಡರೆ ಗಳ ಚಿಮ್ಮುತ್ತದೆ, ಹಾವು ನಮ್ಮ ಮೇಲೆಯೇ ಬೀಳುತ್ತದೆ. ವರ್ಷಗಟ್ಟಲೆ ಕಾಯಿಗೆ ಭಾರ ಕಟ್ಟಿದವಳಿಗೆ ಇದು ಯೋಚಿಸದೆಯೇ ಹೊಳೆಯಿತು. "ಜೋಳಿಗಿ ಅಂಚ ಹಿಡಕೊಂಡು ಕೆಳಗ ಜಗ್ಗು. ಬಿಡಬ್ಯಾಡ" ಎಂದಳು. ಜಗ್ಗಿ ಹಿಡಿದೆ. ಹಾವಿನ ಹೊಟ್ಟೆಯ ಬಿಳುಪು ನನ್ನ ಹಣೆಯ ಮೇಲೆಯೇ ಇತ್ತು. ಆಯಿ ಒಂದು ಕೈ ಬಾಳುವಿನ ಕತ್ತಿನ ಕೆಳಗೆ, ಒಂದು ಕೈ ಕುಂಡಿಯ ಕೆಳಗೆ ಹಾಕಿ ಅವನನ್ನು ಹೊರಗೆ ತೆಗೆದುಕೊಂಡಳು. ಅವನು ಮುಖ ಸಿಂಡರಿಸಿದ. ಈಗ ಅಳುತ್ತಾನೆ ಎಂದುಕೊಂಡೆ. ಅಳಲಿಲ್ಲ.

ಈಗ ಇಡೀ ಭಾರ ನನ್ನ ತೋಳಿನಲ್ಲಿ. ನಾನು ಬಿಟ್ಟರೆ ಗಳ ಚಿಮ್ಮುತ್ತದೆ. ಆಯಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಓಡಬಹುದಿತ್ತು. ಓಡಲಿಲ್ಲ. ಕುಕ್ಕರುಗಾಲಲ್ಲಿ ಕುಳಿತು, ಬುಟ್ಟಿಯ ಕಲ್ಲುಗಳನ್ನು ಸಪ್ಪಳವಾಗದ ಹಾಗೆ ಒಂದೊಂದೇ ಎತ್ತಿ ಜೋಳಿಗೆಯೊಳಗೆ ಇಡತೊಡಗಿದಳು. ಕೂಸು ಮಲಗಿದ್ದ ಜಾಗದಲ್ಲಿ ಕಲ್ಲು. ಮೇಲೆ ಹಾವು ಗೂಡು ಮುಟ್ಟಿತು. ತಾಯಿ ಹಕ್ಕಿ ಹಾರಿ ಹಾರಿ ಅದರ ತಲೆಗೆ ಬಡಿಯುತ್ತಿತ್ತು.

"ಆಯಿ, ಮರೀ..." ಎಂದೆ.

"ಅತ್ತಾಗ ನೋಡಬ್ಯಾಡ. ನನ್ನ ನೋಡು."

ಅವಳನ್ನು ನೋಡಿದೆ. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಮರಿಗಳ ಚೀರಾಟ ಒಂದೊಂದಾಗಿ ಕಡಿಮೆಯಾಗಿ ನಿಂತೇ ಹೋಯಿತು. "ಈಗ ಬಿಡು" ಎಂದಳು. ಬಿಟ್ಟೆ. ಗಳ ಅಲುಗಲಿಲ್ಲ. ನಾವು ಹಿಂದೆ ಹಿಂದೆ ಸರಿದು ಬಾಗಿಲು ಸೇರಿದೆವು.

ಸಂಜೆ ಹೊಲದಿಂದ ಬಂದ ಅವ್ವ ಬಾಳುವನ್ನು ಎದೆಗವಚಿಕೊಂಡು ಬೋರಾಡಿ ಅತ್ತಳು. ಕಾಕಾ ಬಡಿಗೆ ತಂದು, ಹಾವು ಯಾವಾಗಲೋ ಗೋಡೆ ದಾಟಿ ಹೋಗಿದ್ದರೂ, ಹಂದರವನ್ನು ಬಡಿದು ನೆಲಕ್ಕೆ ಕೆಡವಿದ. ಹೂವು, ಎಳೆಗಾಯಿ, ಕರಿ ನೂಲು ಎಲ್ಲ ತುಳಿತಕ್ಕೆ ಸಿಕ್ಕು ಹಿತ್ತಲ ತುಂಬ ಆ ಎಲೆಯ ನಾತ ಹರಡಿತು. ಅಷ್ಟು ಪ್ರೀತಿಯ ಹಂದರ, ಆಯಿ ಬೇಡ ಎನ್ನಲೇ ಇಲ್ಲ. ಕಾಕಾ ಹೋದ ಮೇಲೆ ಬಿದ್ದ ಜೋಳಿಗೆಯಿಂದ ಕಲ್ಲುಗಳನ್ನು ತೆಗೆದು ಬುಟ್ಟಿಗೆ ತುಂಬುತ್ತ, "ಆ ಹಕ್ಕಿ ಕೂಸು ಕೊಟ್ಟು ನಮ್ಮ ಕೂಸು ಇಸಕೊಂಡೆ ಯವ್ವಾ" ಎಂದಳು. ಯಾರಿಗೆ ಹೇಳಿದಳೋ ಗೊತ್ತಿಲ್ಲ. ನನ್ನ ಕಡೆಯಂತೂ ನೋಡುತ್ತಿರಲಿಲ್ಲ.

ಮರುವರ್ಷ ಮತ್ತೆ ಹಂದರ ಎದ್ದಿತು, ಜೋಳಿಗೆ ಮಾತ್ರ ನಡುಮನೆಯ ತೊಲೆಗೆ ಹೋಯಿತು. ಅಂದಿನಿಂದ ಪ್ರತಿ ಬೇಸಿಗೆ ಆಯಿಯದು ಒಂದೇ ಪ್ರಶ್ನೆ: "ಜುಟ್ಟಿನ ಹಕ್ಕಿ ಗೂಡ ಕಟ್ಟೇತೇನ ನೋಡ." ಹಕ್ಕಿಗಳು ಬರುತ್ತಿದ್ದವು, ಹಣ್ಣಾದ ಕಾಯಿ ಕುಕ್ಕುತ್ತಿದ್ದವು, ಹಾರಿ ಹೋಗುತ್ತಿದ್ದವು. ಗೂಡು ಕಟ್ಟಲಿಲ್ಲ. ಕಣ್ಣು ಮಂಜಾದ ಮೇಲೂ ಕೇಳಿದಳು, ಹಾಸಿಗೆ ಹಿಡಿದ ಮೇಲೂ ಕೇಳಿದಳು. "ಇಲ್ಲ ಆಯಿ" ಎಂದರೆ, "ಸಿಟ್ಟ ಹೋಗಿಲ್ಲ ಅದಕ್ಕ" ಎಂದು ಗೋಡೆಯ ಕಡೆ ಹೊರಳುತ್ತಿದ್ದಳು. ಈಗ ಆಯಿ ಇಲ್ಲ, ಅವ್ವ ಇಲ್ಲ, ಕುರಿ ಇಲ್ಲ. ಕಾಕಾನ ಮಕ್ಕಳು ಹಿತ್ತಲಿಗೆ ಸಿಮೆಂಟು ಹಾಕಿ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. ಅವರದೇನೂ ತಪ್ಪಿಲ್ಲ, ಆದರೂ ಊರಿಗೆ ಹೋದರೆ ನಾನು ಹಿತ್ತಲಿಗೆ ಕಾಲಿಡುವುದಿಲ್ಲ.

ಮೊನ್ನೆ ಭಾನುವಾರ ಬಾಳು ಮೂಡಲಗಿಯಿಂದ ಬಂದಿದ್ದ. ಅಲ್ಲಿ ಸಾಲಿಯ ಮಾಸ್ತರ ಅವನು, ತಲೆಯಲ್ಲಿ ಬಿಳಿಗೂದಲು ಬೇರೆ. ಮಾಳಿಗೆಗೆ ಬಂದವನು, "ಅಕ್ಕಾ, ಇದೊಂದಕ್ಕ ಕಲ್ಲ ಕಟ್ಟೇ ಇಲ್ಲಲ್ಲ" ಎಂದು ಹಂದರದ ಮೂಲೆಗೆ ಕೈ ಚಾಚಿದ. ನಾನು ನೀರಿನ ಬಕೀಟು ಎಸೆದು ಅವನ ಮಣಿಕಟ್ಟು ಹಿಡಿದೆ.

"ಏ, ಏನಾತ? ಕಾಯಿ ಐತಿ ಅದು!" ಎಂದು ನಕ್ಕ. ಖರೆ, ಕಾಯಿಯೇ. ಅಂದು ಮಲಗಿದ್ದವನಿಗೆ ಏನು ಗೊತ್ತು? ನಾನು ಮಣಿಕಟ್ಟು ಬಿಡುವ ಮೊದಲೇ ಅವನು ಕತ್ತು ಉದ್ದ ಮಾಡಿ, "ಅಕ್ಕಾ, ಇಲ್ಲಿ ನೋಡಿಲ್ಲಿ. ಯಾವುದೋ ಹಕ್ಕಿ ಗೂಡ ಕಟ್ಟೇತಿ" ಎಂದ.

ನೋಡಿದೆ. ಎಲೆಗಳ ಹಿಂದೆ ಜುಟ್ಟು ಎತ್ತಿಕೊಂಡು, ಮೊಟ್ಟೆಗಳ ಮೇಲೆ ಮೈ ಹರಡಿ ಅದು ಕುಳಿತಿತ್ತು. ಅದರ ಕಣ್ಣು ಬಾಳುವಿನ ಮೇಲೆಯೇ ಇತ್ತು. ಅದು ಹೆದರಲಿಲ್ಲ, ಏಳಲೂ ಇಲ್ಲ.

"ಯಾಕ ಅಳಾಕತ್ತಿ?" ಎಂದು ತಮ್ಮ ಕೇಳಿದ. ನನಗೆ ಬೇಕಾಗಿದ್ದ ಪ್ರಶ್ನೆ ಅದಲ್ಲ. ನನಗೆ ಬೇಕಾದ ಪ್ರಶ್ನೆಯನ್ನು ಕೇಳುವವಳು ಈಗಿಲ್ಲ. ಆದರೂ ಉತ್ತರ ಹೇಳಿದೆ.

"ಕಟ್ಟೇತಿ, ಆಯಿ."