ಪಾರ್ಚ್‌ಮೆಂಟ್ ಮೂಟೆಯೊಳಗೆ ಮುಸುಕುವೀರ

ಎಂಬತ್ತರ ಆಚೀಚೆ, ನಮ್ಮ ಕೊಟ್ಟಿಗೆಹಾರದ ಕಡೆಗೆ ಟೀವಿ ಇನ್ನೂ ಬಂದಿರಲಿಲ್ಲ. ಹುಡುಗರ ಪಾಲಿಗೆ ಇದ್ದವನು ಒಬ್ಬನೇ, ಕಾಮಿಕ್ಸಿನ ಮುಸುಕುವೀರ. ಮೂವತ್ತೆರಡು ಪುಟ. ಅಗ್ಗದ ಅಚ್ಚಿನಲ್ಲಿ ಚಿತ್ರದ ತುಟಿಗೆ ಹಚ್ಚಿದ ಕೆಂಪು ಗಲ್ಲಕ್ಕೂ ಇಳಿದಿರುತ್ತಿತ್ತು. ಪುಟ ಬಿಡಿಸಿದರೆ ಸೀಮೆಎಣ್ಣೆಯಂಥ ವಾಸನೆ. ಎಂಥ ಚೆಂದ ಮಾರಾಯ್ರೇ! ಹತ್ತು ಜನ ಮೇಲೆ ಬಿದ್ದರೂ ಅವನು ಹಿಂದೆ ಹೆಜ್ಜೆ ಇಡುತ್ತಿರಲಿಲ್ಲ. ನಾನು ಇಂದಿಗೂ ಅವನ ಭಕ್ತ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಅಪ್ಪನಿಗೆ ಮಾತ್ರ ಅವನನ್ನು ಕಂಡರಾಗದು. ಅಪ್ಪ ಕಾಫಿ ಎಸ್ಟೇಟಿನ ರೈಟರು; ಲೆಕ್ಕಪತ್ರವೂ ಕಣದ ಉಸ್ತುವಾರಿಯೂ ಅವರದೇ. ಹಣ್ಣಿನ ಸಿಪ್ಪೆ ಸುಲಿದು, ತೊಳೆದು ಕಣದಲ್ಲಿ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಒಂದು ಬೀಜ ಕಚ್ಚಿ ತೇವ ನೋಡಿ "ಇನ್ನೊಂದು ಬಿಸಿಲು ಬೇಕು" ಎಂದರೆ ಸಾಹುಕಾರರೂ ಎದುರಾಡುತ್ತಿರಲಿಲ್ಲ. ಅಂಥವರ ಮಗ ಗೊಂಬೆ ಪುಸ್ತಕ ಓದುವುದೇ? ಕೈಗೆ ಸಿಕ್ಕಿದ್ದ ಎರಡನ್ನು ಬಚ್ಚಲೊಲೆಗೆ ತುರುಕಿದ್ದರು.

ಆ ಫೆಬ್ರವರಿಯಲ್ಲಿ ಗ್ಯಾರೇಜಿನವರ ಮಗ, ನನ್ನ ಕ್ಲಾಸಿನ ರಫೀಕ್, ತನ್ನ ಅಣ್ಣನ ಪೆಟ್ಟಿಗೆಯಿಂದ ಹೊಸ ಸಂಚಿಕೆ ಕದ್ದು ತಂದುಕೊಟ್ಟ.

"ಸಂಜೆಯೊಳಗೆ ವಾಪಸ್ ಕೊಡು ಮಾರಾಯ. ಅಣ್ಣ ಮಂಗ್ಳೂರಿಂದ ಬರೋದ್ರೊಳಗೆ ಇಡ್ಬೇಕು. ಇಲ್ದಿದ್ರೆ ನನ್ನ ಚರ್ಮ ಸುಲೀತಾನೆ."

ಕಣದ ಮೂಟೆಗಳ ಹಿಂದೆ ಕೂತು ಓದುತ್ತಿದ್ದೆ. ವೀರ ಜಲಪಾತದ ಅಂಚಿನಲ್ಲಿ ನೇತಾಡುತ್ತಿದ್ದಾಗ ಅಪ್ಪನ ಚಪ್ಪಲಿ ಸದ್ದು ಕೇಳಿಸಿತು. ಬಾಯಿ ತೆರೆದಿದ್ದ ಮೂಟೆಯೊಂದರಲ್ಲಿ ಪುಸ್ತಕ ಹುಗಿದು ಮನೆಗೆ ಓಡಿದೆ. ಊಟ ಮಾಡಿ ಬಂದು ನೋಡಿದರೆ, ಅಯ್ಯೋ ದೇವರೇ, ಮೇಸ್ತ್ರಿ ಅಷ್ಟೂ ಮೂಟೆ ಹೊಲಿಸಿ ಲಾರಿಗೆ ಹೇರಿಸಿಯಾಗಿತ್ತು. ಚಿಕ್ಕಮಗಳೂರಿನ ಕ್ಯೂರಿಂಗ್ ಕಾರ್ಖಾನೆಗೆ ಹೋದ ಮೂಟೆ ಮತ್ತೆ ಬರುವುದುಂಟೇ?

ಡ್ರೈವರ್ ಇಂಜಿನ್ ಚಾಲೂ ಮಾಡಿದ. ನನಗೆ ಅಳು ಒತ್ತರಿಸಿ ಬಂತು.

"ಎಂಥಾ ಆಯ್ತೋ?" ಎಂದರು ಅಪ್ಪ.

ಹೇಳಿಬಿಟ್ಟೆ. ರಫೀಕನ ಚರ್ಮದ ವಿಷಯವನ್ನೂ ಹೇಳಿದೆ.

"ಯಾವ ಮೂಟೆ?"

"ಗೊತ್ತಿಲ್ಲ."

ಕೆನ್ನೆಗೆ ಬಿತ್ತು ಎಂದು ಕಣ್ಣು ಮುಚ್ಚಿದೆ. ಅಪ್ಪ ಲಾರಿಯ ಕಡೆ ತಿರುಗಿ, "ಇಳಿಸಿ. ಕಂಡೋರ ಸಾಮಾನು ಅದು, ವಾಪಸ್ ಕೊಡ್ಲೇಬೇಕು" ಎಂದರು.

ಹೊಲಿಗೆ ಬಿಚ್ಚುತ್ತ, ಮೊಣಕೈವರೆಗೆ ಕೈ ಇಳಿಸಿ ತಡಕುತ್ತ ಹೋದರು. ಏಳನೆಯದರಲ್ಲಿ ಸಿಕ್ಕಿತು. ಅದನ್ನು ನನ್ನ ಅಂಗಿಯೊಳಗೆ ತುರುಕುವಷ್ಟರಲ್ಲಿ ಸಾಹುಕಾರರ ಜೀಪು ಬಂದೇಬಿಟ್ಟಿತು. ನಾನು ಲಾರಿ ಚಕ್ರದ ಮರೆಗೆ ಸರಿದೆ.

"ಎಂಥ ರೈಟ್ರೇ, ಹೊಲ್ದಿರೋ ಮೂಟೆ ಯಾಕೆ ಬಿಚ್ಚಿದ್ರಿ?"

ಮೇಸ್ತ್ರಿ ಓರೆಗಣ್ಣಿನಲ್ಲಿ ನನ್ನ ಕಡೆ ನೋಡಿದ. ನಾನು ಚಕ್ರಕ್ಕೆ ಇನ್ನಷ್ಟು ಒತ್ತಿ ನಿಂತೆ.

"ತೇವ ಉಳ್ಕೊಂಡಿದೆಯೋ ಅಂತ ಅನುಮಾನ ಬಂತು ಸಾವ್ಕಾರ್ರೇ," ಎಂದರು ಅಪ್ಪ. "ಮೊದ್ಲೇ ಸರಿಯಾಗಿ ನೋಡ್ಲಿಲ್ಲ. ತಪ್ಪಾಯ್ತು."

"ಸರಿ ಹೋಯ್ತು! ನಿಮ್ಮ ಹಲ್ಲು ನಂಬ್ಕೊಂಡು ಕೂತ್ರೆ ನಾನು ಉದ್ಧಾರ ಆದ ಹಾಗೇ."

ಆಳುಗಳೆಲ್ಲ ಅಲ್ಲೇ ನಿಂತಿದ್ದರು. ಅಪ್ಪ ತಲೆ ಎತ್ತಲಿಲ್ಲ.

ಪುಸ್ತಕ ಸಂಜೆಯೊಳಗೆ ರಫೀಕನ ಕೈ ಸೇರಿತು. ಮುಂದಿನ ಹಂಗಾಮಿಗೆ ಎಸ್ಟೇಟಿಗೆ ತೇವ ಅಳೆಯುವ ಯಂತ್ರ ಬಂತು; ಒಂದು ಬೀಜ ಕಚ್ಚಿ ನೋಡಿ ಎಂದು ಅಪ್ಪನನ್ನು ಆಮೇಲೆ ಯಾರೂ ಕರೆಯಲಿಲ್ಲ. ಅವರು ಆ ದಿನದ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಈಗ ನನ್ನ ಬೀರುವಿನಲ್ಲಿ ಮುಸುಕುವೀರನ ಹಳೆಯ ಸಂಚಿಕೆಗಳು ಎರಡು ಸಾಲು ಇವೆ. ಹುಡುಕಿ ಹುಡುಕಿ ಆ ಸಂಚಿಕೆಯನ್ನೂ ತಂದಿದ್ದೇನೆ. ಓದುವ ಖುಷಿ ಕಡಿಮೆಯಾಗಿಲ್ಲ, ಸುಳ್ಳೇಕೆ ಹೇಳಲಿ? ಆದರೆ "ಸಾವ್ಕಾರ್ರೇ, ತಪ್ಪು ನಂದು" ಎಂಬ ಮೂರು ಪದ ಅಂದು ನನ್ನ ಬಾಯಿಂದ ಹೊರಡಲಿಲ್ಲ. ಈಗ ಹೇಳೋಣವೆಂದರೆ ಸಾಹುಕಾರರೂ ಇಲ್ಲ, ಅಪ್ಪನೂ ಇಲ್ಲ.