ತಾಗಿಕೊಂಡ ಎರಡು ಲೋಟ

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಎರಡು ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಬೀದಿಯಲ್ಲಿ ಲಾರಿ ಹೋದರೂ ಸಾಕು, ಚಳಿಗೆ ಹಲ್ಲು ಕಟಕಟಿಸಿದಂತೆ ಕಿಣಿಗುಟ್ಟುತ್ತವೆ. ಮನೆಗೆ ಬಂದವರು ಅವನ್ನು ದೂರ ಸರಿಸಿದರೆ, ಅವರು ಹೋದ ಮೇಲೆ ಮತ್ತೆ ಕೂಡಿಸಿಡುತ್ತೇನೆ. ಇದು ನಾನು ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನಲ್ಲಿ ಕಲಿತ ಅಭ್ಯಾಸ. ಕಲಿತದ್ದು ತಡವಾಗಿ.

ಎಂಬತ್ತರ ದಶಕದ ಮೊದಲ ವರ್ಷಗಳು. ಕಾಮಸಮುದ್ರದ ರೈತರ ಮನೆಯಿಂದ ಕಾಲೇಜಿಗೆಂದು ಹೋದ ನಾನು, ಸಹಪಾಠಿ ಸೆಲ್ವಂ ಇದ್ದ ಊರಿಗಾಂನ ಗಣಿ ಕಾರ್ಮಿಕರ ಲೈನ್‌ಮನೆಯಲ್ಲೇ ಅರ್ಧ ದಿನ ಕಳೆಯುತ್ತಿದ್ದೆ. ಆಸ್ಟ್ರೇಲಿಯಾಕ್ಕೆ ಹೊರಟ ಆಂಗ್ಲೋ-ಇಂಡಿಯನ್ ನೆರೆಯವರು ಅವನಿಗೆ ಒಂದು ಗಿಟಾರನ್ನೂ ಒಂದಷ್ಟು ಸೈಕೆಡೆಲಿಕ್ ರಾಕ್ ರೆಕಾರ್ಡುಗಳನ್ನೂ ಬಿಟ್ಟುಹೋಗಿದ್ದರು. ಆ ಸಂಗೀತದಲ್ಲಿ ಸ್ವರಗಳು ಕರಗಿ, ಹಿಂದುಮುಂದಾಗಿ, ಬಾವಿಯೊಳಗಿಂದ ಕೂಗಿದಂತೆ ಸುತ್ತಿ ಸುತ್ತಿ ಬರುತ್ತಿದ್ದವು. ಕಾಲಡಿಯ ನೆಲವೇ ಇಲ್ಲವಾದಂಥ ಸುಖ. ಈಗ ಯೋಚಿಸಿದರೆ, ನೆಲ ಕರಗಲಿ ಎಂದು ಹಾಡಿದ ಆ ದೂರದ ಹುಡುಗರ ಕಾಲಡಿಯಲ್ಲಿ ನೆಲ ಗಟ್ಟಿಯಾಗಿತ್ತು. ನಮ್ಮದು ಟೊಳ್ಳು.

ಸೆಲ್ವಂ ಹಳೆಯ ರೇಡಿಯೋದ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿ, ಗಿಟಾರನ್ನು ಅದಕ್ಕೆ ಜೋಡಿಸಿ, ತಂತಿ ಸಡಿಲಿಸಿ ನುಡಿಸಿದರೆ ಗುಡುಗು ಗೊರಕೆ ಹೊಡೆದಂತಾಗುತ್ತಿತ್ತು.

"ಇದೇನ್ ಕಣ್ಣು, ಹಾಡಾ? ರಾಗಿ ಮಿಲ್ಲಲ್ಲಿ ಕಲ್ಲು ಸಿಕ್ಕಂಗೈತೆ," ಎನ್ನುತ್ತಿದ್ದರು ಅವನ ಅಮ್ಮ. ತಮಿಳಿನ ಆ ಮುದ್ದಿನ ಕರೆ, 'ಕಣ್ಣು', ನನಗೂ ಸಲ್ಲುತ್ತಿತ್ತು.

"ನಿಂಗೆ ಟೇಸ್ಟಿಲ್ಲಮ್ಮಾ."

"ಟೇಸ್ಟಿಲ್ದಿದ್ರೆ ನನ್ ಸಾಂಬಾರು ಮೂರ್ ಸಲ ಯಾಕೆ ಬಡಿಸ್ಕೋತೀಯೋ?"

ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲಿನ ನೆಲ ನಡುಗುತ್ತದೆ. ಅಲ್ಲಿಯವರು ಅದನ್ನು ಏರ್‌ಬ್ಲಾಸ್ಟ್ ಎನ್ನುತ್ತಾರೆ. ಸಣ್ಣದರ ಹಿಂದೆಯೇ ದೊಡ್ಡದು ಬರುವುದುಂಟು. ಅಡುಗೆಮನೆಯಲ್ಲಿ ಒರಳಿನ ಮುಂದೆ ರುಬ್ಬುತ್ತ ಕೂತವರಿಗೆ ಸಣ್ಣ ನಡುಕ ತಿಳಿಯದು. ಅದಕ್ಕೇ ಸೆಲ್ವಂನ ಅಮ್ಮ ನಡುಮನೆಯ ಗೂಡಿನಲ್ಲಿ ಎರಡು ಲೋಟಗಳನ್ನು ತಾಗಿಸಿಟ್ಟಿದ್ದರು. ಅವು ಕಿಣಿಗುಟ್ಟಿದೊಡನೆ ರುಬ್ಬುವುದನ್ನು ಬಿಟ್ಟು ಅಂಗಳಕ್ಕೆ ಬಂದು, ಗಂಡ ಇಳಿದಿದ್ದ ಗಣಿಯ ಕಡೆ ನೋಡುತ್ತ ನಿಲ್ಲುವರು. ನಮ್ಮ ಸಂಗೀತಕ್ಕೂ ಲೋಟ ಕಿಣಿಗುಟ್ಟಿ, ಎರಡು ಸಲ ಸುಮ್ಮನೆ ಓಡಿಬಂದು ಇಬ್ಬರಿಗೂ ಬೈದಿದ್ದರು.

ಒಂದು ಮಧ್ಯಾಹ್ನ ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಲು ಕೂತೆವು. ಆ ಕಿಣಿಕಿಣಿ ಟೇಪಿಗೆ ಬರಬಾರದೆಂದು ನಾನು ಲೋಟಗಳ ನಡುವೆ ನನ್ನ ಕರ್ಚೀಫು ತುರುಕಿದೆ. ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಹೇಳಲಿಲ್ಲ.

ನುಡಿಸುತ್ತಿದ್ದಂತೆ ಗಿಟಾರಿನ ಅಡಿಯಿಂದ ಆಳವಾದ ಒಂದು ಮೊರೆತ ಎದ್ದಿತು. ಎಷ್ಟು ದಿನಗಳಿಂದ ಹುಡುಕುತ್ತಿದ್ದ ಸದ್ದು! "ಅದೇ ಕಣ್ಲಾ! ನಿಲ್ಲಿಸ್‌ಬ್ಯಾಡ!" ಎಂದು ಕೂಗಿದೆ. ಅಲ್ಲೇ ಹುಟ್ಟಿ ಬೆಳೆದ ಸೆಲ್ವಂ ಕೂಡ ಅದು ತನ್ನ ಕೈಯಿಂದಲೇ ಬಂದದ್ದೆಂದು ನಂಬಿ, ಕಣ್ಣು ಮುಚ್ಚಿ ನಕ್ಕ.

ಎರಡನೆಯದು ಬಂದಾಗ ನೆಲವೇ ನಮ್ಮನ್ನು ಎತ್ತಿ ಕುಕ್ಕಿತು. ಅಡುಗೆಮನೆಯ ಗೋಡೆ ಇದ್ದಲ್ಲಿ ಬಿಸಿಲು ಬಿದ್ದಿತ್ತು, ದೂಳು ತುಂಬಿದ ಬಿಸಿಲು. ಗಣಿಯೊಳಗಿದ್ದ ಸೆಲ್ವಂನ ಅಪ್ಪ ಕ್ಷೇಮವಾಗಿ ಮೇಲೆ ಬಂದರು. ಅಮ್ಮ ಗೋಡೆಯ ಅಡಿಯಲ್ಲಿ ತೀರಿಹೋಗಿದ್ದರು.

ಕರ್ಮಾಂತರದ ದಿನ ಸೆಲ್ವಂ ಒಗೆದು ಮಡಿಸಿದ ಕರ್ಚೀಫನ್ನು ನನ್ನ ಕೈಗಿಟ್ಟ.

"ಲೋಟದ ಮಧ್ಯೆ ಸಿಕ್ತು. ನಿಂದೇ ಅಲ್ವಾ?"

"ಹೂಂ," ಎಂದೆ.

ಅದನ್ನು ಜೇಬಿಗೆ ಹಾಕಿಕೊಂಡೆ. ಆಮೇಲೆ ನಾನೇ ಆ ಕಡೆ ಹೋಗುವುದನ್ನು ಬಿಟ್ಟೆ.

ಆ ಕ್ಯಾಸೆಟ್ಟು ನನ್ನಲ್ಲಿದೆ. ಮೊದಲ ಮೊರೆತಕ್ಕೂ ಎರಡನೆಯದಕ್ಕೂ ನಡುವೆ ಇಡೀ ಒಂದು ಹಾಡಿನಷ್ಟು ಹೊತ್ತಿದೆ. ಒರಳಿನಿಂದ ಅಂಗಳಕ್ಕೆ ಇದ್ದದ್ದು ಹತ್ತು ಹೆಜ್ಜೆ. ಕಿವಿಗೊಟ್ಟು ಕೇಳಿದರೆ, ಗೆಳೆಯರೇ, ಗಿಟಾರಿನ ಹಿಂದೆ ಒರಳಿನ ಗುಂಡುಕಲ್ಲು ತಿರುಗುವ ಸದ್ದು ಕೇಳಿಸುತ್ತದೆ, ಗರಗರ, ಅವಸರವಿಲ್ಲದೆ, ಕೊನೆಯವರೆಗೂ.

ಈಗ ನಮ್ಮ ಕಪಾಟಿನ ಲೋಟಗಳು ಕಿಣಿಗುಟ್ಟಿದರೆ, ಲಾರಿಯೆಂದು ಗೊತ್ತಿದ್ದೂ ಎದ್ದುಹೋಗಿ ಹೆಂಡತಿಯ ಕೈಹಿಡಿದು ಹೊರಗೆ ಕರೆತರುತ್ತೇನೆ. "ಮತ್ತೆ ಶುರುವಾಯ್ತಾ ನಿಮ್ದು," ಎಂದು ಬೈಯುತ್ತಲೇ ಬರುತ್ತಾಳೆ. ಅವಳ ಬೆರಳಿಗಂಟಿದ ಹಿಟ್ಟು ಒಣಗುವವರೆಗೂ ಇಬ್ಬರೂ ಅಂಗಳದಲ್ಲಿ ನಿಂತಿರುತ್ತೇವೆ.